ಮುಂದಿನ ಚೀಟಿ, ಹಿಂದಿನ ಫಲಕ: ಮಿತವಾದ ಹಣದಲ್ಲಿ ಮನೆಗೊಂದು ಹೈ-ಫೈ

ತೊಗರಿಯನ್ನು ಕೊಳ್ಳುವಾಗ ಒಂದು ಹಿಡಿ ಅಂಗೈಯಲ್ಲಿಟ್ಟು ಉಜ್ಜಿ ನೋಡುವ, ಮೋಟಾರು ಕೊಳ್ಳುವಾಗ ಅದರ ನಾಮಫಲಕವನ್ನು ಓದದೆ ಮುಂಗಡ ಕೊಡದ ನಮ್ಮ ವರ್ತಕ ಬಾಂಧವರು, ಮನೆಗೆ ಹಾಡು ಕೇಳುವ ಸೆಟ್ ಒಂದನ್ನು ಕೊಳ್ಳಲು ಹೊರಟಾಗ ಆ ಎಚ್ಚರವನ್ನೆಲ್ಲ ಅಂಗಡಿಯ ಹೊಸ್ತಿಲಿನಲ್ಲೇ ಬಿಟ್ಟುಬಿಡುವುದು ಸೋಜಿಗದ ಸಂಗತಿ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವ್ಯಾಟ್ ಸಂಖ್ಯೆ, ಮಿನುಗುವ ದೀಪಗಳು, ಅಂಗಡಿಯಲ್ಲಿ ಹಾಕಿ ಕೇಳಿಸಿದ ಒಂದು ಅಬ್ಬರದ ಹಾಡು, ಇಷ್ಟರಲ್ಲೇ ವ್ಯವಹಾರ ಮುಗಿದುಹೋಗುತ್ತದೆ. ಮನೆಗೆ ತಂದು ಆರು ತಿಂಗಳಾದ ಮೇಲೆ ಆ ಸೆಟ್ಟಿನ ಮೇಲೆ ಹೂವಿನ ಕುಂಡ ಕುಳಿತಿರುತ್ತದೆ.

ಇದರಲ್ಲಿ ನಷ್ಟವಾಗುವುದು ಹಣ ಮಾತ್ರವಲ್ಲ. ದಿನವಿಡೀ ಗಲ್ಲೆಯ ಮುಂದೆಯೋ ಯಂತ್ರದ ಸದ್ದಿನ ನಡುವೆಯೋ ಕಳೆದು ಬಂದವನಿಗೆ ರಾತ್ರಿ ಒಂದು ಗಂಟೆ ಕಾಲ ಮಲ್ಲಿಕಾರ್ಜುನ ಮನಸೂರರನ್ನೋ ಸಿ. ಅಶ್ವತ್ಥರನ್ನೋ ನೆಮ್ಮದಿಯಿಂದ ಕೇಳುವ ಅವಕಾಶವೊಂದಿತ್ತು. ಕೆಟ್ಟ ಸೆಟ್ಟು ಅದನ್ನು ಕಸಿದುಕೊಳ್ಳುತ್ತದೆ. ಒಳ್ಳೆಯ ಧ್ವನಿಗೆ ಲಕ್ಷಾಂತರ ರೂಪಾಯಿ ಬೇಕೆಂಬುದು ತಪ್ಪು ತಿಳಿವಳಿಕೆ. 40,000 ರೂಪಾಯಿಗಳ ಆಸುಪಾಸಿನಲ್ಲಿ, ಸರಿಯಾಗಿ ಹಂಚಿ ಖರ್ಚು ಮಾಡಿದರೆ, ಹತ್ತು ಹದಿನೈದು ವರ್ಷ ಬಾಳುವ ಉತ್ತಮ ಸೆಟ್ಟನ್ನು ಇಂದು ಕೂಡಿಸಬಹುದು. ಹಾಗೆ ಕೂಡಿಸುವ ಬಗೆಯನ್ನು, ವರ್ತಕನ ದೃಷ್ಟಿಯಿಂದಲೇ, ಇಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ಮೊದಲಿಗೆ ಒಂದು ಮಾತು. ಹೈ-ಫೈ ಎಂದರೆ ಜೋರಾದ ಧ್ವನಿ ಎಂದು ಅನೇಕರು ಭಾವಿಸಿದ್ದಾರೆ. ಆ ಶಬ್ದದ ಅರ್ಥ ಯಥಾವತ್ತಾದ ಧ್ವನಿ ಎಂದಷ್ಟೇ. ಧ್ವನಿಮುದ್ರಣದಲ್ಲಿ ಇದ್ದುದನ್ನು ಕೂಡಿಸದೆ ಕಳೆಯದೆ ಕೇಳಿಸಬೇಕು. 1960ರ ದಶಕದಲ್ಲಿ ಜರ್ಮನಿಯವರು ಡಿಐಎನ್ 45500 ಎಂಬ ಮಾನಕವನ್ನು ರೂಪಿಸಿ, ಹೈ-ಫೈ ಎಂದು ಕರೆಸಿಕೊಳ್ಳಬೇಕಾದ ಉಪಕರಣಕ್ಕೆ ಇರಬೇಕಾದ ಕನಿಷ್ಠ ಗುಣಗಳನ್ನು ಅಂಕಿಗಳಲ್ಲಿ ನಿಗದಿ ಮಾಡಿದ್ದರು. ಇಂದು ಆ ಹೆಸರನ್ನು ಯಾರು ಬೇಕಾದರೂ ಯಾವುದರ ಮೇಲಾದರೂ ಅಚ್ಚು ಹಾಕಿಸುತ್ತಾರೆ. ಆದುದರಿಂದ ಹೆಸರನ್ನು ಬಿಟ್ಟು ಅಂಕಿಗಳತ್ತ ಹೋಗುವುದು ಕ್ಷೇಮ.

ವ್ಯಾಟಿನ ಲೆಕ್ಕ

1990ರ ದಶಕದಲ್ಲಿ ಕೊಂಡ ಒಂದು ಸೆಟ್ಟು ಇಂದಿಗೂ ನಮ್ಮ ಮನೆಯ ಅಟ್ಟದ ಮೇಲಿದೆ. ಅದರ ಮುಂಭಾಗದಲ್ಲಿ ‘1000 ವ್ಯಾಟ್ ಪಿಎಂಪಿಒ’ ಎಂಬ ಬಂಗಾರದ ಬಣ್ಣದ ಚೀಟಿ. ತಿರುಗಿಸಿದರೆ, ಹಿಂಭಾಗದ ಫಲಕದಲ್ಲಿ ‘ವಿದ್ಯುತ್ ಬಳಕೆ: 40 ವ್ಯಾಟ್’. ಮೂರು ಅಶ್ವಶಕ್ತಿಯ ಮೋಟಾರಿನಿಂದ ಎಪ್ಪತ್ತೈದು ಅಶ್ವಶಕ್ತಿಯ ಕೆಲಸ ತೆಗೆಯುತ್ತೇನೆ ಎಂದು ಯಾರಾದರೂ ಹೇಳಿದರೆ ನಮ್ಮ ಸಣ್ಣ ಕೈಗಾರಿಕೋದ್ಯಮಿಗಳು ನಕ್ಕು ಕಳುಹಿಸುತ್ತಾರೆ. ಧ್ವನಿಯ ಸರಕಿನಲ್ಲಿ ಮಾತ್ರ ಅದನ್ನೇ ನಂಬಿ ಹಣ ಕೊಟ್ಟೆವು. ಕೊಟ್ಟವರಲ್ಲಿ ಈ ಲೇಖಕನೂ ಒಬ್ಬ.

ಪಿಎಂಪಿಒ ಎಂಬುದಕ್ಕೆ ಯಾವುದೇ ಒಪ್ಪಿತ ಅಳತೆಯ ಕ್ರಮವಿಲ್ಲ. ಕ್ಷಣದ ಸಾವಿರದೊಂದು ಭಾಗದಲ್ಲಿ, ಧ್ವನಿ ಎಷ್ಟೇ ಒಡೆದಿದ್ದರೂ ಸರಿ, ಸೈದ್ಧಾಂತಿಕವಾಗಿ ಹೊರಬೀಳಬಹುದಾದ ಶಕ್ತಿಯನ್ನು ತಯಾರಕನು ತನಗೆ ಬೇಕಾದ ಅಂಕಿಯಿಂದ ಗುಣಿಸಿ ಬರೆದುಕೊಂಡದ್ದು ಅದು. ನಂಬತಕ್ಕ ಅಳತೆಯೆಂದರೆ ‘ಆರ್‌ಎಂಎಸ್’ ಎಂದು ರೂಢಿಯಲ್ಲಿ ಕರೆಯುವ, ನಿರಂತರವಾಗಿ ಕೊಡಬಲ್ಲ ಶಕ್ತಿ. ಅಮೆರಿಕದಲ್ಲಿಯೂ ಇಂಥ ಉತ್ಪ್ರೇಕ್ಷೆಯ ಹಾವಳಿ ಮಿತಿಮೀರಿದ ಕಾರಣ, ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮವೊಂದನ್ನು ಜಾರಿಗೆ ತಂದು, ಆಂಪ್ಲಿಫೈಯರುಗಳ ನಿರಂತರ ಶಕ್ತಿಯನ್ನೇ ಜಾಹೀರಾತಿನಲ್ಲಿ ತಿಳಿಸಬೇಕೆಂದು ವಿಧಿಸಿತು. ಐವತ್ತು ವರ್ಷಗಳ ಅನಂತರ, 2024ರಲ್ಲಿ, ಅದೇ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿ 8 ಓಮ್ ಹೊರೆಗೆ, 20ರಿಂದ 20,000 ಹರ್ಟ್ಸ್‌ವರೆಗೆ, ಶೇಕಡಾ 1ಕ್ಕಿಂತ ಕಡಮೆ ವಿಕೃತಿಯಲ್ಲಿ ಅಳೆಯಬೇಕೆಂದು ಸ್ಪಷ್ಟಪಡಿಸಲಾಯಿತು. ರೋಗ ಹೊಸದಲ್ಲ, ವಾಸಿಯಾಗಿಯೂ ಇಲ್ಲ ಎಂಬುದು ಇದರಿಂದ ತಿಳಿದುಬರುತ್ತದೆ.

ಇಂದಿನ ಅವತಾರ ಬೇರೆ ಬಗೆಯದು. ಅಂಗೈಯಷ್ಟು ಚಿಕ್ಕದಾದ, ಕ್ಲಾಸ್-ಡಿ ಎಂದು ಕರೆಯುವ ಆಂಪ್ಲಿಫೈಯರುಗಳು ಈಗ ಧಾರಾಳವಾಗಿ ದೊರೆಯುತ್ತವೆ. ಇವು ಕೆಟ್ಟ ಸರಕಲ್ಲ. ಹಳೆಯ ಮಾದರಿಗಳು ವಿದ್ಯುತ್ತಿನ ಅರ್ಧದಷ್ಟನ್ನು ಶಾಖವಾಗಿ ಕಳೆದರೆ, ಇವು ನೂರಕ್ಕೆ ಸುಮಾರು ತೊಂಬತ್ತರಷ್ಟನ್ನು ಧ್ವನಿಗೆ ತಲುಪಿಸುತ್ತವೆ. ಆದರೆ ‘100 + 100 ವ್ಯಾಟ್’ ಎಂದು ಬರೆದ ಡಬ್ಬಿಯ ಜೊತೆ ಬರುವ ಅಡಾಪ್ಟರನ್ನು ಕೈಗೆತ್ತಿಕೊಂಡು ಓದಬೇಕು. ಅದರ ಮೇಲೆ 24 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಗುಣಾಕಾರ ಸುಲಭ: 48 ವ್ಯಾಟ್. ಎರಡೂ ಸ್ಪೀಕರುಗಳಿಗೆ ಸೇರಿ ನಿರಂತರವಾಗಿ ಅದಕ್ಕಿಂತ ಹೆಚ್ಚು ಬರಲು ಸಾಧ್ಯವಿಲ್ಲ. ಇನ್ನೊಂದು ಉಪಾಯವೂ ಬಳಕೆಯಲ್ಲಿದೆ. ಶೇಕಡಾ 10ರಷ್ಟು ವಿಕೃತಿ ಬರುವ ತನಕ ಆಂಪ್ಲಿಫೈಯರನ್ನು ಎಳೆದು ಆ ಅಂಕಿಯನ್ನು ಪ್ರಕಟಿಸುವುದು. ನೂರಕ್ಕೆ ಹತ್ತು ಕಲಬೆರಕೆಯಾದ ಧ್ವನಿಯನ್ನು ಯಾರೂ ಕೇಳಲಾರರು. ವಿವರಪಟ್ಟಿಯಲ್ಲಿ ವ್ಯಾಟಿನ ಪಕ್ಕದಲ್ಲಿ ‘ಟಿಎಚ್‌ಡಿ’ ಎಂಬ ಅಕ್ಷರಗಳನ್ನೂ ಅದರ ಮುಂದಿನ ಶೇಕಡಾ ಅಂಕಿಯನ್ನೂ ಹುಡುಕಬೇಕು; 0.1 ಅಥವಾ ಅದಕ್ಕಿಂತ ಕಡಮೆ ಇದ್ದರೆ ಮಾತು ಮುಂದುವರಿಸಬಹುದು, ಅಂಕಿಯೇ ಇಲ್ಲದಿದ್ದರೆ ಬೇಡ.

ನ್ಯಾಯದ ದೃಷ್ಟಿಯಿಂದ ಒಂದು ವಿನಾಯಿತಿಯನ್ನು ಹೇಳಲೇಬೇಕು. ಹೆಸರಾಂತ ತಯಾರಕರ ಆಂಪ್ಲಿಫೈಯರುಗಳಲ್ಲಿಯೂ ಹಿಂದಿನ ಫಲಕದ ಬಳಕೆಯ ಅಂಕಿ ಕೆಲವೊಮ್ಮೆ ಮುಂದಿನ ಶಕ್ತಿಯ ಅಂಕಿಗಿಂತ ಸ್ವಲ್ಪ ಕಡಮೆ ಇರುತ್ತದೆ. ಸುರಕ್ಷತಾ ಮಾನಕಗಳ ಪ್ರಕಾರ ಆ ಬಳಕೆಯನ್ನು ಪೂರ್ಣ ಶಕ್ತಿಯಲ್ಲಿ ಅಳೆಯದೆ ಅದರ ಒಂದು ಭಾಗದಲ್ಲಿ ಅಳೆಯುವುದೇ ಇದಕ್ಕೆ ಕಾರಣ. ಸ್ವಲ್ಪ ವ್ಯತ್ಯಾಸಕ್ಕೆ ಇದು ಸಮಾಧಾನವಾದೀತು. ಇಪ್ಪತ್ತೈದು ಪಟ್ಟು ವ್ಯತ್ಯಾಸಕ್ಕೆ ಯಾವ ಸಮಾಧಾನವೂ ಇಲ್ಲ.

ಹಾಗಾದರೆ ಎಷ್ಟು ವ್ಯಾಟ್ ಬೇಕು? ಇದಕ್ಕೆ ಸ್ಪೀಕರಿನ ‘ಸೆನ್ಸಿಟಿವಿಟಿ’ ಎಂಬ ಅಂಕಿಯನ್ನು ತಿಳಿಯಬೇಕು. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಬರುತ್ತದೆ ಎಂಬುದೇ ಅದು. ಚಿಕ್ಕ ಸ್ಪೀಕರುಗಳಲ್ಲಿ ಸಾಮಾನ್ಯವಾಗಿ 86 ಡೆಸಿಬೆಲ್ ಇರುತ್ತದೆ. ಎರಡೂವರೆ ಮೀಟರ್ ದೂರದಲ್ಲಿ ಕುಳಿತರೆ ಬಯಲಿನ ಲೆಕ್ಕದಲ್ಲಿ ಸುಮಾರು 8 ಡೆಸಿಬೆಲ್ ಕಳೆಯುತ್ತದೆ. ಎರಡು ಸ್ಪೀಕರುಗಳಿರುವುದರಿಂದ 3 ಕೂಡುತ್ತದೆ. ಉಳಿಯುವುದು 81. ಮನೆಯಲ್ಲಿ ಇದು ಸಾಕಷ್ಟು ಜೋರಾದ ಧ್ವನಿಯೇ, ಮತ್ತು ಅದು ಬಂದದ್ದು ಒಂದೊಂದು ವ್ಯಾಟಿನಲ್ಲಿ! ಮೃದಂಗದ ಪೆಟ್ಟು, ಚಂಡೆಯ ಏಟು ಇಂಥವು ಸರಾಸರಿಗಿಂತ 15 ಡೆಸಿಬೆಲ್ ಮೇಲಕ್ಕೆ ಚಿಮ್ಮುತ್ತವೆ ಎಂದಿಟ್ಟುಕೊಂಡರೆ ಆ ಕ್ಷಣಕ್ಕೆ 32 ವ್ಯಾಟ್ ಬೇಕಾಗುತ್ತದೆ. ಎಂದರೆ, 12 ಅಡಿ ಅಗಲ 14 ಅಡಿ ಉದ್ದದ ನಡುಮನೆಗೆ ಪ್ರಾಮಾಣಿಕವಾದ 30ರಿಂದ 50 ವ್ಯಾಟ್ ಧಾರಾಳವಾಯಿತು.

ಇಲ್ಲಿ ವ್ಯಾಪಾರದ ಒಂದು ಸೂಕ್ಷ್ಮವಿದೆ. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಹೆಚ್ಚುವುದು ಕೇವಲ 3 ಡೆಸಿಬೆಲ್. ಕಿವಿಗೆ ಇಮ್ಮಡಿ ಜೋರೆನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 40 ವ್ಯಾಟಿನ ಬದಲು 80 ವ್ಯಾಟಿನ ಆಂಪ್ಲಿಫೈಯರಿಗೆ ಹೆಚ್ಚುವರಿ ಹಣ ಕೊಟ್ಟು ಪಡೆಯುವ ಲಾಭವನ್ನು, 86ರ ಬದಲು 89 ಡೆಸಿಬೆಲಿನ ಸ್ಪೀಕರನ್ನು ಆರಿಸಿ ಬಿಡಿಗಾಸೂ ಹೆಚ್ಚು ಕೊಡದೆ ಪಡೆಯಬಹುದು. ಆದರೆ ಸ್ಪೀಕರ್ 4 ಓಮಿನದಾಗಿದ್ದು, ಸೆನ್ಸಿಟಿವಿಟಿಯನ್ನು ವ್ಯಾಟಿನ ಬದಲು 2.83 ವೋಲ್ಟಿಗೆ ಹೇಳಿದ್ದರೆ ಎಚ್ಚರ ವಹಿಸಬೇಕು. 8 ಓಮಿನಲ್ಲಿ 2.83 ವೋಲ್ಟ್ ಎಂದರೆ ಒಂದು ವ್ಯಾಟ್. 4 ಓಮಿನಲ್ಲಿ ಅದು ಎರಡು ವ್ಯಾಟ್. ತಕ್ಕಡಿಯ ಅಡಿಗೆ ಅಂಟಿಸಿದ ಹುಣಸೆಹಣ್ಣಿನಂತೆ 3 ಡೆಸಿಬೆಲ್ ಅಲ್ಲಿ ಅಡಗಿಕೊಂಡಿರುತ್ತದೆ.

ಹಣದ ಹಂಚಿಕೆ

ಸ್ಪೀಕರುಗಳಿಗೆ ಒಟ್ಟು ಹಣದ ಅರ್ಧಕ್ಕಿಂತ ಹೆಚ್ಚನ್ನು ಮೀಸಲಿಡಬೇಕು ಎಂಬುದು ಈ ಲೇಖನದ ಮುಖ್ಯ ಸಲಹೆ. ಕಾರಣ ಸರಳ. ಇಂದಿನ ಸಾಧಾರಣ ಆಂಪ್ಲಿಫೈಯರಿನ ವಿಕೃತಿ ಶೇಕಡಾ 0.1ಕ್ಕಿಂತ ಕಡಮೆ. ಒಳ್ಳೆಯ ಸ್ಪೀಕರಿನದು ಸಹ, ಮಂದ್ರ ಸ್ವರಗಳಲ್ಲಿ, ಅದರ ಹತ್ತಾರು ಪಟ್ಟು. ಕಾಗದದ ಅಥವಾ ಪ್ಲಾಸ್ಟಿಕ್ಕಿನ ಶಂಕುವನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ಗಾಳಿಯನ್ನು ಅಲುಗಿಸುವ ಯಾಂತ್ರಿಕ ಕೆಲಸ ಅದರದು. ಯಂತ್ರವಿದ್ದಲ್ಲಿ ಸವೆತ, ಕಂಪನ, ಅಂಕುಡೊಂಕು ಇದ್ದೇ ಇರುತ್ತವೆ. ಸರಪಳಿಯಲ್ಲಿ ದುರ್ಬಲವಾದ ಕೊಂಡಿ ಯಾವುದೋ ಅದಕ್ಕೇ ಹಣ ಹಾಕುವುದು ವಿವೇಕ.

40,000 ರೂಪಾಯಿಗಳನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಸ್ಪೀಕರುಗಳ ಒಂದು ಜೊತೆಗೆ 22,000ದಿಂದ 24,000, ಆಂಪ್ಲಿಫೈಯರಿಗೆ 10,000ದಿಂದ 12,000, ಸ್ಪೀಕರುಗಳನ್ನು ನಿಲ್ಲಿಸುವ ಸ್ಟ್ಯಾಂಡು ಹಾಗೂ ತಂತಿಗೆ 3,000, ಮಿಕ್ಕದ್ದು ಹಾಡಿನ ಮೂಲಕ್ಕೆ. ಹಾಡಿನ ಮೂಲಕ್ಕೆ ಇಷ್ಟು ಕಡಮೆಯೇ ಎಂದು ಕೇಳುವವರಿದ್ದಾರೆ. ಕಾಂಪ್ಯಾಕ್ಟ್ ಡಿಸ್ಕ್ 1982ರಲ್ಲಿ ಮಾರುಕಟ್ಟೆಗೆ ಬಂದಾಗಲೇ ಅದರ 16 ಬಿಟ್ಟಿನ ಲೆಕ್ಕಾಚಾರ ಸುಮಾರು 96 ಡೆಸಿಬೆಲ್ ವ್ಯಾಪ್ತಿಯನ್ನು ಕೊಟ್ಟಿತ್ತು. ಮನೆಯೊಂದರ ಫ್ಯಾನಿನ ಸದ್ದಿನ ನಡುವೆ ಅಷ್ಟನ್ನು ಬಳಸಲು ಯಾರಿಂದಲೂ ಆಗದು. ಅಂಕೀಯ ಧ್ವನಿಯನ್ನು ಸ್ವರವಾಗಿ ಪರಿವರ್ತಿಸುವ ಬಿಡಿಭಾಗ ಈಗ ಅಗ್ಗವಾಗಿದೆ, ಉತ್ತಮವಾಗಿಯೂ ಇದೆ. ಮನೆಯಲ್ಲಿರುವ ಮೊಬೈಲು, ಹಳೆಯ ಡಿವಿಡಿ ಪ್ಲೇಯರು, ಟೆಲಿವಿಷನ್ನು ಇವುಗಳಲ್ಲೊಂದರಿಂದ ಆರಂಭಿಸಿದರೆ ತಪ್ಪಿಲ್ಲ.

ತಂತಿಯ ವಿಷಯದಲ್ಲಂತೂ ಮೋಸಹೋಗಲೇಬಾರದು. ಮೀಟರಿಗೆ ಸಾವಿರಾರು ರೂಪಾಯಿಯ ಸ್ಪೀಕರ್ ತಂತಿಗಳನ್ನು ಮಾರುವವರಿದ್ದಾರೆ. ಐಎಸ್‌ಐ ಮುದ್ರೆಯುಳ್ಳ 1.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿಯನ್ನೇ ತೆಗೆದುಕೊಳ್ಳೋಣ. ಐದು ಮೀಟರ್ ದೂರಕ್ಕೆ ಹೋಗಿ ಬರುವ ಹತ್ತು ಮೀಟರ್ ತಂತಿಯ ರೋಧ ಸುಮಾರು 0.12 ಓಮ್. 8 ಓಮಿನ ಸ್ಪೀಕರಿನ ಮುಂದೆ ಅದು ನೂರಕ್ಕೆ ಒಂದೂವರೆ ಪಾಲು. 2.5 ಚದರ ಮಿಲಿಮೀಟರಿನದನ್ನು ಹಾಕಿದರೆ ಒಂದು ಪಾಲೂ ಇರದು. ತಂತಿಯ ವ್ಯಾಪಾರ ಮಾಡುವ ನಮ್ಮ ಸದಸ್ಯರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಒಂದೇ ಪೆಟ್ಟಿಗೆಯಲ್ಲಿ ಐದು ಪುಟ್ಟ ಸ್ಪೀಕರುಗಳೂ ಒಂದು ಸಬ್‌ವೂಫರೂ ಬರುವ ‘ಹೋಮ್ ಥಿಯೇಟರ್’ ಸೆಟ್ಟುಗಳು ಇದೇ ಹಣಕ್ಕೆ ಸಿಗುತ್ತವೆ. ಅದೇ ಹಣವನ್ನು ಎರಡರ ಬದಲು ಆರು ಪಾಲು ಮಾಡಿದಾಗ ಒಂದೊಂದರ ಗುಣಮಟ್ಟ ಏನಾದೀತೆಂಬುದನ್ನು ಊಹಿಸಿಕೊಳ್ಳಬಹುದು. ಸಿನಿಮಾ ನೋಡುವುದೇ ಮುಖ್ಯವಾದರೆ ಅದರ ಮಾತೇ ಬೇರೆ. ಸಂಗೀತಕ್ಕೆ ಎರಡು ಒಳ್ಳೆಯ ಸ್ಪೀಕರುಗಳು ಸಾಕು.

ಆಂಪ್ಲಿಫೈಯರನ್ನು ತನ್ನೊಳಗೇ ಇರಿಸಿಕೊಂಡ ಸ್ಪೀಕರುಗಳೂ ಇವೆ. ಹಣ ತೀರ ಕಡಮೆಯಿದ್ದಾಗ, ಅಂದರೆ 20,000ದ ಒಳಗೆ, ಅವೇ ಲಾಭದಾಯಕ. ಆದರೆ ಒಳಗಿನ ವಿದ್ಯುತ್ ಮಂಡಲ ಕೆಟ್ಟರೆ ಇಡೀ ಜೊತೆ ಮೂಲೆಗೆ ಸೇರುತ್ತದೆ. ಗದಗಿನಲ್ಲಿಯೋ ಚಿತ್ರದುರ್ಗದಲ್ಲಿಯೋ ಇರುವವರು ಬೆಂಗಳೂರಿಗೆ ಪಾರ್ಸೆಲ್ ಕಳುಹಿಸಿ ತಿಂಗಳುಗಟ್ಟಲೆ ಕಾಯಬೇಕು. ಬಿಡಿಬಿಡಿಯಾಗಿ ಕೊಂಡ ಸೆಟ್ಟಿನಲ್ಲಿ ಕೆಟ್ಟದ್ದನ್ನಷ್ಟೇ ಬದಲಿಸಬಹುದು, ಮುಂದೆ ಕೈಯಲ್ಲಿ ಹಣವಾದಾಗ ಒಂದೊಂದಾಗಿ ಮೇಲ್ದರ್ಜೆಗೆ ಏರಿಸಲೂಬಹುದು. ಲೇಖಕನ ಒಲವು ಬಿಡಿ ಭಾಗಗಳ ಕಡೆಗೇ.

ಕೋಣೆಯೂ ಒಂದು ಉಪಕರಣ

ಅಂಗಡಿಯಲ್ಲಿ ಚೆನ್ನಾಗಿ ಕೇಳಿಸಿದ್ದು ಮನೆಯಲ್ಲೇಕೆ ಗುಂಯ್‌ಗುಡುತ್ತದೆ ಎಂಬ ದೂರು ಸಾಮಾನ್ಯ. ತಪ್ಪು ಬಹುಪಾಲು ಕೋಣೆಯದು. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎದುರುಬದುರು ಗೋಡೆಗಳ ನಡುವೆ 10 ಅಡಿ, ಎಂದರೆ 3.05 ಮೀಟರ್ ಅಂತರವಿದ್ದರೆ, ಸುಮಾರು 56 ಹರ್ಟ್ಸ್ ಆವೃತ್ತಿಯ ಮಂದ್ರ ಧ್ವನಿ ಆ ಗೋಡೆಗಳ ನಡುವೆ ಸಿಕ್ಕಿಕೊಂಡು ಮೊಳಗುತ್ತದೆ; ಅದರ ಇಮ್ಮಡಿಯಾದ 112ರಲ್ಲಿಯೂ ಹಾಗೆಯೇ. ನಮ್ಮ ಊರುಗಳಲ್ಲಿ 10 ಅಡಿ ಉದ್ದ, 10 ಅಡಿ ಅಗಲ, ಮೇಲೆ 10 ಅಡಿ ಎತ್ತರಕ್ಕೆ ಆರ್‌ಸಿಸಿ ಚಾವಣಿ ಇರುವ ಕೋಣೆಗಳು ಎಷ್ಟಿಲ್ಲ? ಅಲ್ಲಿ ಮೂರು ದಿಕ್ಕಿನ ಮೊಳಗುವಿಕೆಯೂ ಒಂದೇ ಸ್ವರದ ಮೇಲೆ ಬಂದು ಬೀಳುತ್ತದೆ. ಸಂಗೀತಕ್ಕೆ ಅದಕ್ಕಿಂತ ಕೆಟ್ಟ ಕೋಣೆಯಿಲ್ಲ. ಮನೆಯಲ್ಲಿ ಬೇರೆ ಅಳತೆಯ ಕೋಣೆಯಿದ್ದರೆ ಸೆಟ್ಟನ್ನು ಅಲ್ಲಿಗೆ ಒಯ್ಯುವುದು ಒಳಿತು. ಇಲ್ಲವಾದರೆ ಮಂದ್ರವನ್ನು ಅತಿಯಾಗಿ ಹೊಮ್ಮಿಸುವ ದೊಡ್ಡ ಸ್ಪೀಕರನ್ನಾಗಲಿ ಸಬ್‌ವೂಫರನ್ನಾಗಲಿ ಅಂಥ ಕೋಣೆಗೆ ತರಬಾರದು.

ಮೂಲೆಗೆ ಒತ್ತರಿಸಿ ಇಟ್ಟ ಸ್ಪೀಕರಿನಲ್ಲಿ ಮಂದ್ರ ಇನ್ನಷ್ಟು ಉಬ್ಬುತ್ತದೆ. ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದಕ್ಕೆ ತಂದು, ತಾರಧ್ವನಿಯ ಚಿಕ್ಕ ಘಟಕ ಕುಳಿತವರ ಕಿವಿಯ ಎತ್ತರಕ್ಕೆ ಬರುವಂತೆ ನಿಲ್ಲಿಸಿ, ಎರಡು ಸ್ಪೀಕರು ಮತ್ತು ಕೇಳುಗ ಸಮಬಾಹು ತ್ರಿಕೋನದ ಮೂರು ಮೂಲೆಗಳಾಗುವಂತೆ ಹೊಂದಿಸಬೇಕು. ಆಗ ಗಾಯಕರು ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಲ್ಲಿ ಕುಳಿತು ಹಾಡಿದಂತೆ ಭಾಸವಾಗುತ್ತದೆ. ಟೈಲ್ಸು ಹಾಸಿದ ಬರಿಯ ನೆಲ, ಬರಿಯ ಗೋಡೆಗಳಿದ್ದರೆ ಧ್ವನಿ ಪ್ರತಿಫಲಿಸಿ ಕರ್ಕಶವಾಗುತ್ತದೆ. ಒಂದು ಜಮಖಾನೆ, ದಪ್ಪನೆಯ ಪರದೆ, ತುಂಬಿದ ಪುಸ್ತಕದ ಬೀರು ಇವು ಮಾಡುವ ಉಪಕಾರವನ್ನು ಹತ್ತು ಸಾವಿರದ ಯಂತ್ರ ಮಾಡಲಾರದು. ಮೊದಲು ಇವನ್ನು ಮಾಡಿ ನೋಡಿ ಅನಂತರ ಹೊಸ ಸೆಟ್ಟಿನ ಯೋಚನೆ ಮಾಡಿದರೂ ಆದೀತು.

ಅಂಗಡಿಯಲ್ಲಿ ಕೇಳುವ ಬಗೆ

ವಿವರಪಟ್ಟಿಯನ್ನು ಓದಿ ಮೂರು ನಾಲ್ಕು ಸ್ಪೀಕರುಗಳಿಗೆ ಇಳಿದ ಮೇಲೆ ಕಿವಿಗೆ ಕೆಲಸ. ‘20ರಿಂದ 20,000 ಹರ್ಟ್ಸ್’ ಎಂದು ಬರೆದ ಮಾತ್ರಕ್ಕೆ ಏನೂ ತಿಳಿಯದು. ‘± 3 ಡೆಸಿಬೆಲ್’ ಎಂಬ ಮಿತಿಯನ್ನು ಜೊತೆಗೆ ಹೇಳಿದ್ದರೆ ಮಾತ್ರ ಅದಕ್ಕೆ ಅರ್ಥ. ಇಲ್ಲವಾದರೆ ಊರ ಗಡಿಯನ್ನು ಹೇಳದೆ ಜಮೀನು ಮಾರಿದಂತೆ. ಇನ್ನೊಂದು ಸಮಾಧಾನದ ಸಂಗತಿಯೂ ಇದೆ. ನಮ್ಮ ಸಂಗೀತಕ್ಕೆ ತೀರ ಆಳದ ಮಂದ್ರ ಬೇಕಾಗಿಲ್ಲ. ಗಂಡು ಗಾಯಕರ ಶ್ರುತಿಗೆ ಸೇರಿಸಿದ ತಂಬೂರಿಯ ಮಂದ್ರ ಷಡ್ಜ ಸುಮಾರು 65ರಿಂದ 75 ಹರ್ಟ್ಸ್ ಮಾತ್ರ. 60 ಹರ್ಟ್ಸ್‌ವರೆಗೆ ಪ್ರಾಮಾಣಿಕವಾಗಿ ಇಳಿಯುವ, ಐದೂಕಾಲು ಅಥವಾ ಆರೂವರೆ ಅಂಗುಲದ ಶಂಕುವುಳ್ಳ ಪುಟ್ಟ ಸ್ಪೀಕರು ಗಾಯನ, ವೀಣೆ, ಕೊಳಲು, ಭಾವಗೀತೆ ಇವೆಲ್ಲಕ್ಕೂ ಸಾಕಾಗುತ್ತದೆ.

ಪರೀಕ್ಷೆಗೆ ಅಂಗಡಿಯವರ ಹಾಡನ್ನು ಒಪ್ಪಿಕೊಳ್ಳಬಾರದು. ಅವರು ಹಾಕುವುದು ಯಾವ ಡಬ್ಬಿಯಲ್ಲಿ ಹಾಕಿದರೂ ಮೆರೆಯುವಂಥದ್ದನ್ನು. ನೂರು ಸಲ ಕೇಳಿ ಮನಸ್ಸಿನಲ್ಲಿ ನಿಂತ ನಾಲ್ಕು ಧ್ವನಿಮುದ್ರಣಗಳನ್ನು ಮನೆಯಿಂದಲೇ ಒಯ್ಯಬೇಕು. ಗಂಗೂಬಾಯಿ ಹಾನಗಲ್ಲರ ಘನವಾದ ಕಂಠ ಇದಕ್ಕೆ ಒಂದು ಒಳ್ಳೆಯ ಒರೆಗಲ್ಲು. ಮಧ್ಯಮ ಸ್ವರಗಳನ್ನು ತೆಳುವಾಗಿಸುವ ಸ್ಪೀಕರು ಆ ಕಂಠದ ತೂಕವನ್ನು ತಪ್ಪದೆ ಕಳೆಯುತ್ತದೆ. ತಂಬೂರಿಯ ನಾದದಲ್ಲಿ ಜೀವಾಳದ ಝೇಂಕಾರ ಕೇಳಬೇಕು, ಕೀರಲಾಗಬಾರದು. ಮೃದಂಗದ ಬಲಮುಖದ ಸ್ಫುಟವೂ ಎಡಮುಖದ ಗುಮುಕಿಯೂ ಬೇರೆಬೇರೆಯಾಗಿ ಕೇಳಬೇಕು; ಎರಡೂ ಕೂಡಿ ಒಂದು ಮುದ್ದೆಯಾದರೆ ಆ ಸ್ಪೀಕರನ್ನು ಬಿಟ್ಟುಬಿಡಬಹುದು. ಕರಾವಳಿಯವರು ಯಕ್ಷಗಾನದ ಚಂಡೆಯನ್ನು ಒಯ್ದರೆ ಆಂಪ್ಲಿಫೈಯರಿನ ಸತ್ತ್ವವೂ ಅದೇ ಗಳಿಗೆಯಲ್ಲಿ ಹೊರಬೀಳುತ್ತದೆ.

ಎರಡು ಸ್ಪೀಕರುಗಳನ್ನು ಹೋಲಿಸುವಾಗ ಒಂದರ ಧ್ವನಿ ಕೂದಲೆಳೆಯಷ್ಟು ಜೋರಾಗಿದ್ದರೂ ಮನಸ್ಸು ಅದನ್ನೇ ಉತ್ತಮವೆಂದು ತೀರ್ಮಾನಿಸುತ್ತದೆ. ಕಡಮೆ ಧ್ವನಿಯಲ್ಲಿ ಮನುಷ್ಯನ ಕಿವಿ ಮಂದ್ರವನ್ನು ಸರಿಯಾಗಿ ಗ್ರಹಿಸದು ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಜೋರಾದದ್ದು ತುಂಬಿದಂತೆ ಕೇಳಿಸುವುದು ಇದರಿಂದಲೇ. ಮಾರಾಟಗಾರನ ಬೆರಳು ಗುಂಡಿಯ ಮೇಲಿರುತ್ತದೆ, ಲಾಭ ಹೆಚ್ಚಿರುವ ಸರಕಿಗೆ ಆ ಬೆರಳು ತಾನಾಗಿಯೇ ಸ್ವಲ್ಪ ತಿರುಗುತ್ತದೆ. (ಈ ಸಾಲನ್ನು ಓದಿ ಮುಗುಳ್ನಗುವ ಸದಸ್ಯರೂ ಇದ್ದಾರು.) ಗುಂಡಿಯನ್ನು ತಾವೇ ಹಿಡಿದು, ಎರಡನ್ನೂ ಸಮಕ್ಕೆ ತಂದು, ಮನೆಯಲ್ಲಿ ಕೇಳುವಷ್ಟೇ ಮೆಲ್ಲಗೆ ಕೇಳುವುದು ಉತ್ತಮ. ಅರ್ಧ ಗಂಟೆ ಕೇಳಿದ ಮೇಲೂ ದಣಿವಾಗದಿದ್ದರೆ ಅದೇ ಯೋಗ್ಯವಾದದ್ದು.

ಇನ್ನು ಬೆಲೆ. ಧ್ವನಿಯ ಸರಕಿನಲ್ಲಿ ಎಂಆರ್‌ಪಿಗೂ ಮಾರಾಟದ ದರಕ್ಕೂ ಅಜಗಜಾಂತರ. ಶೇಕಡಾ ನಲವತ್ತು ರಿಯಾಯಿತಿ ಎಂದರೆ ಅದು ಲಾಭವೆಂದು ತಿಳಿಯದೆ, ಮೂರು ಕಡೆ ನಿವ್ವಳ ದರವನ್ನು ವಿಚಾರಿಸಬೇಕು. ವರ್ತಕರಿಗೆ ತಿಳಿದ ಇನ್ನೊಂದು ಉಪಾಯ ಇಲ್ಲಿ ಬಹಳ ಉಪಯುಕ್ತ. ಹಳೆಯ ದಾಸ್ತಾನು. ಮೊಬೈಲು, ಟೆಲಿವಿಷನ್ನುಗಳು ಎರಡು ವರ್ಷಕ್ಕೆ ಹಳತಾಗುತ್ತವೆ. ಸ್ಪೀಕರಿನ ತಂತ್ರ ಹಾಗೆ ಬದಲಾಗುವುದಿಲ್ಲ. ಹೋದ ವರ್ಷದ ಮಾದರಿ, ಪ್ರದರ್ಶನಕ್ಕಿಟ್ಟ ಜೊತೆ, ಬೇಡಿಕೆಯಿಲ್ಲದ ಬಣ್ಣ ಇವು ಗೋದಾಮಿನಲ್ಲಿ ಹಣವನ್ನು ಕಟ್ಟಿಹಾಕಿ ಕುಳಿತಿರುತ್ತವೆ. ದಸರಾ ದೀಪಾವಳಿಯ ನೂಕುನುಗ್ಗಲಿಗಿಂತ, ಹೊಸ ಮಾದರಿ ಬಂದು ಹಳತು ಉಳಿದ ಸಮಯದಲ್ಲಿ ಹೋಗಿ ಕೇಳಿದರೆ ಚೌಕಾಸಿಗೆ ಅವಕಾಶವಿರುತ್ತದೆ.

ಬಳಸಿದ ಸರಕು

1970ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ಸೋನೋಡೈನ್ ಸಂಸ್ಥೆಯ ಹಳೆಯ ಸ್ಪೀಕರುಗಳು, ಬೆಂಗಳೂರಿನ ಬಿಪಿಎಲ್‌ನವರ ಸೆಟ್ಟುಗಳು, ಕೊಲ್ಲಿ ದೇಶಗಳಿಂದ ಬಂದವರು ಹೊತ್ತುತಂದ ಜಪಾನಿನ ಆಂಪ್ಲಿಫೈಯರುಗಳು ಇವು ಇಂದಿಗೂ ಕೈಬದಲಾಗುತ್ತಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಓಣಿಗಳಲ್ಲಿ ಹಳೆಯದನ್ನು ರಿಪೇರಿ ಮಾಡಲು ಬೇಕಾದ ಬಿಡಿಭಾಗಗಳೂ ದೊರೆಯುತ್ತವೆ. ತಿಳಿದು ಕೊಂಡರೆ ಅರ್ಧ ಬೆಲೆಗೆ ಇಮ್ಮಡಿ ಗುಣ.

ಸ್ಪೀಕರಿನ ಶಂಕುವಿನ ಸುತ್ತಲಿನ ಅಂಚನ್ನು ಮೊದಲು ನೋಡಬೇಕು. ಅದು ಫೋಮಿನದಾಗಿದ್ದರೆ ಹತ್ತು ಹದಿನೈದು ವರ್ಷಗಳಲ್ಲಿ ಪುಡಿಯಾಗುತ್ತದೆ, ಮಂಗಳೂರು ಕಾರವಾರಗಳ ತೇವದ ಹವೆಯಲ್ಲಿ ಇನ್ನೂ ಬೇಗ. ರಬ್ಬರಿನದು ಹೆಚ್ಚು ಬಾಳುತ್ತದೆ. ಎರಡೂ ಕೈಯ ಬೆರಳುಗಳಿಂದ ಶಂಕುವನ್ನು ಮೆಲ್ಲಗೆ ಸಮನಾಗಿ ಒತ್ತಿ ಬಿಟ್ಟಾಗ ಕೆರೆದ ಸದ್ದು ಬಂದರೆ ಒಳಗಿನ ಸುರುಳಿ ಉಜ್ಜುತ್ತಿದೆಯೆಂದು ಅರ್ಥ. ಆಂಪ್ಲಿಫೈಯರಿಗೆ ಹಾಡು ಹಾಕದೆ ಧ್ವನಿಯನ್ನು ಏರಿಸಿದಾಗ ಗುಂಯ್ ಎಂಬ ನಾದ ಜೋರಾಗಿದ್ದರೆ ಕೆಪಾಸಿಟರುಗಳು ಒಣಗಿವೆ. ಗುಂಡಿ ತಿರುಗಿಸುವಾಗ ಕರಕರ ಎಂದರೆ ಅದು ಧೂಳು ಮಾತ್ರ. ಶುಚಿಗೊಳಿಸಿದರೆ ಸರಿಹೋಗುತ್ತದೆ, ಆದರೆ ಅದನ್ನು ತೋರಿಸಿ ಬೆಲೆ ಇಳಿಸಲು ಅಡ್ಡಿಯಿಲ್ಲ. ಜಪಾನಿನ ಒಳನಾಡಿಗೆ ತಯಾರಾದ ಉಪಕರಣ 100 ವೋಲ್ಟಿನದು, ಅಮೆರಿಕದ್ದು 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಆ ವ್ಯವಹಾರ ಒಂದು ಕ್ಷಣದಲ್ಲಿ ಮುಗಿಯುತ್ತದೆ. ಇಲ್ಲಿಯೂ ಹಿಂದಿನ ಫಲಕವೇ ಗತಿ.

ತೂಕ ಹೆಚ್ಚಿದ್ದರೆ ಒಳ್ಳೆಯದು ಎಂಬ ಹಳಬರ ಮಾತು ದೊಡ್ಡ ಟ್ರಾನ್ಸ್‌ಫಾರ್ಮರುಳ್ಳ ಹಳೆಯ ಆಂಪ್ಲಿಫೈಯರುಗಳ ಮಟ್ಟಿಗೆ ಬಹುತೇಕ ನಿಜ. ಹೊಸ ಕ್ಲಾಸ್-ಡಿ ಸರಕಿಗೆ ಅದು ಅನ್ವಯಿಸದು. ಕೆಲವು ಅಗ್ಗದ ಪೆಟ್ಟಿಗೆಗಳಲ್ಲಿ ತೂಕಕ್ಕೆಂದೇ ಕಬ್ಬಿಣದ ಪಟ್ಟಿ ಹಾಕುವವರೂ ಇದ್ದಾರೆ.

ಬಳಕೆಯಲ್ಲಿ ಒಂದು ಎಚ್ಚರಿಕೆ ಅವಶ್ಯ. ಆಂಪ್ಲಿಫೈಯರಿನ ಶಕ್ತಿ ಕಡಮೆಯಿದ್ದರೆ ಸ್ಪೀಕರು ಸುರಕ್ಷಿತ ಎಂಬ ನಂಬಿಕೆ ಇದೆ. ವಾಸ್ತವದಲ್ಲಿ, ಶಕ್ತಿಮೀರಿ ದುಡಿಸಿದ ಚಿಕ್ಕ ಆಂಪ್ಲಿಫೈಯರು ಧ್ವನಿತರಂಗದ ತಲೆಯನ್ನು ಕತ್ತರಿಸಿದಂತೆ ಚಪ್ಪಟೆ ಮಾಡುತ್ತದೆ; ಅದರಿಂದ ಹುಟ್ಟುವ ಹೆಚ್ಚುವರಿ ತಾರಶಕ್ತಿ ಚಿಕ್ಕ ಘಟಕಕ್ಕೆ ಹರಿದು ಅದನ್ನು ಸುಟ್ಟುಹಾಕುತ್ತದೆ. ಧ್ವನಿ ಒಡೆದು ಕೇಳಿಸಿದ ಕೂಡಲೆ ಗುಂಡಿಯನ್ನು ಹಿಂದಕ್ಕೆ ತಿರುಗಿಸಬೇಕು. ಮದುವೆ ಮನೆಯ ಕುಣಿತಕ್ಕೆ ಈ ಸೆಟ್ಟನ್ನು ಎರವಲು ಕೊಡಬಾರದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಬಿಲ್ಲು ಯಾರ ಹೆಸರಿನಲ್ಲಿ?

ಕೊನೆಯದಾಗಿ, ನಮ್ಮ ಸದಸ್ಯರಲ್ಲಿ ಅನೇಕರು ಮನೆಯ ಸಾಮಾನುಗಳನ್ನೂ ಅಂಗಡಿಯ ಜಿಎಸ್‌ಟಿ ಸಂಖ್ಯೆ ಕೊಟ್ಟು ಸಂಸ್ಥೆಯ ಹೆಸರಿನಲ್ಲಿ ಬಿಲ್ಲು ಮಾಡಿಸುವ ರೂಢಿ ಇಟ್ಟುಕೊಂಡಿದ್ದಾರೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 17(5)ನೇ ಕಲಮಿನಂತೆ ಸ್ವಂತ ಉಪಭೋಗಕ್ಕೆ ಬಳಸಿದ ಸರಕಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಪಡೆದಿದ್ದರೆ ಬಡ್ಡಿ ಸಹಿತ ಹಿಂದಿರುಗಿಸಬೇಕಾದೀತು. ಇದಲ್ಲದೆ ಇನ್ನೊಂದು ತೊಡಕೂ ಇದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ವಾಣಿಜ್ಯ ಉದ್ದೇಶಕ್ಕೆ ಸರಕು ಕೊಂಡವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ. ಸೆಟ್ಟು ಕೆಟ್ಟು, ಮಾರಾಟಗಾರ ಸ್ಪಂದಿಸದೆ, ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬೇಕಾದಾಗ, ಸಂಸ್ಥೆಯ ಹೆಸರಿನ ಬಿಲ್ಲನ್ನೇ ಮುಂದಿಟ್ಟು ಎದುರುಪಕ್ಷದವರು ಆಕ್ಷೇಪಿಸಲು ಎಡೆಯಾಗುತ್ತದೆ. ಸ್ವಂತ ಹೆಸರಿನಲ್ಲಿ, ಮಾದರಿ ಸಂಖ್ಯೆ ಹಾಗೂ ಕ್ರಮಸಂಖ್ಯೆ ನಮೂದಾದ ಬಿಲ್ಲನ್ನು ಪಡೆಯುವುದೇ ಸರಿ. ಖಾತರಿ ಪತ್ರಕ್ಕೆ ಅಂಗಡಿಯ ಮೊಹರು ಅಂದೇ ಬೀಳಲಿ. ಖಾತರಿ ಯಾರದು, ತಯಾರಕರದೋ ಆಮದುದಾರರದೋ ಅಥವಾ ಅಂಗಡಿಯವರ ಬಾಯಿಮಾತೋ, ದುರಸ್ತಿ ಯಾವ ಊರಿನಲ್ಲಿ ಎಂಬುದನ್ನು ಹಣ ಕೊಡುವ ಮುನ್ನ ಕೇಳಿ ಬರೆಸಿಕೊಳ್ಳಬೇಕು. ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಚಿಹ್ನೆಯೂ ಸಂಖ್ಯೆಯೂ ಇವೆಯೇ ಎಂದು ಅಲ್ಲಿಯೇ ತಿರುಗಿಸಿ ನೋಡಿ, ರಟ್ಟಿನ ಪೆಟ್ಟಿಗೆಯನ್ನು ಖಾತರಿ ಮುಗಿಯುವ ತನಕ ಅಟ್ಟದ ಮೇಲೆ ಜೋಪಾನವಾಗಿ ಇಡುವುದು ಲೇಸು.